ಮನೋಚಿಕಿತ್ಸೆಯ ಪಂಥಗಳು: ಭೇದವೆಲ್ಲಿ, ಸಾಮ್ಯವೆಲ್ಲಿ

ಮನಸ್ಸಿನ ತೊಂದರೆಗಳಿಗೆ ಔಷಧವಿಲ್ಲದೆ ಅಥವಾ ಔಷಧದ ಜೊತೆಜೊತೆಗೆ, ತರಬೇತಿ ಪಡೆದ ವ್ಯಕ್ತಿಯೊಬ್ಬರು ಮಾತುಕತೆಯ ಮೂಲಕ ಕ್ರಮಬದ್ಧವಾಗಿ ನೀಡುವ ನೆರವಿಗೆ ಮನೋಚಿಕಿತ್ಸೆ ಎಂದು ಹೆಸರು. ದಾಂಪತ್ಯದ ವಿರಸ, ಪರೀಕ್ಷೆಯ ಭಯ, ಆಪ್ತರ ಸಾವು ಮುಂತಾದ ಬಿಕ್ಕಟ್ಟುಗಳಲ್ಲಿ ಕೆಲವೇ ಭೇಟಿಗಳಲ್ಲಿ ಮುಗಿಯುವ ನೆರವನ್ನು ಆಪ್ತಸಮಾಲೋಚನೆ ಎಂದು ಕರೆಯುವುದು ರೂಢಿಯಲ್ಲಿದೆ. ಇವೆರಡರ ನಡುವಿನ ಗೆರೆ ತೀರ ತೆಳುವಾದುದು. ಸಮಾಲೋಚನೆಗೆಂದು ಬಂದವರಲ್ಲಿ ಚಿಕಿತ್ಸೆ ಬೇಕಾದ ಖಿನ್ನತೆ ಅಡಗಿರಬಹುದು, ಚಿಕಿತ್ಸೆಗೆಂದು ಬಂದವರಿಗೆ ನಾಲ್ಕು ಭೇಟಿಗಳ ಸಮಾಲೋಚನೆಯೇ ಸಾಕಾಗಬಹುದು. ಗೆರೆಯ ಎರಡೂ ಬದಿಯಲ್ಲಿ ಅನೇಕ ಪಂಥಗಳಿವೆ, ಮತ್ತು ಪ್ರತಿಯೊಂದು ಪಂಥವೂ ನೋವಿನ ಮೂಲ ಯಾವುದು, ಅದು ಮಾಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ತನ್ನದೇ ಉತ್ತರವನ್ನು ಹೊಂದಿದೆ.

ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಎರಡು ಬಗೆಯ ಸುಲಭ ಉತ್ತರಗಳು ಸಿಗುತ್ತವೆ. ತಮ್ಮ ಪಂಥವೊಂದೇ ವೈಜ್ಞಾನಿಕ, ಉಳಿದವು ಹಳತಾದವು ಅಥವಾ ಪೊಳ್ಳು ಎಂಬುದು ಒಂದು. ಎಲ್ಲ ಪಂಥಗಳೂ ಕೊನೆಗೆ ಒಂದೇ, ಸಹನೆಯಿಂದ ಕೇಳಿಸಿಕೊಳ್ಳುವವರು ಸಿಕ್ಕರೆ ಸಾಕು ಎಂಬುದು ಇನ್ನೊಂದು. ಕಳೆದ ಏಳು ದಶಕಗಳ ಸಂಶೋಧನೆ ಈ ಎರಡನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ, ಮತ್ತು ಎರಡನೆಯ ಉತ್ತರ ಮೊದಲನೆಯದಕ್ಕಿಂತ ಉದಾರವಾಗಿ ಕಂಡರೂ ರೋಗಿಯ ಪಾಲಿಗೆ ಅದೇ ಹೆಚ್ಚು ಅಪಾಯಕಾರಿ.

ಮಾತನ್ನೇ ಚಿಕಿತ್ಸೆಯಾಗಿಸಿದ ಆಧುನಿಕ ಪ್ರಯತ್ನಗಳಲ್ಲಿ ಮೊದಲು ಎಣಿಸಬೇಕಾದದ್ದು ವಿಯೆನ್ನಾದ ವೈದ್ಯರಾದ ಯೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಹಿಸ್ಟೀರಿಯಾ ಕುರಿತು 1895ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಿಂದ ಬೆಳೆದ ಮನೋವಿಶ್ಲೇಷಣೆಯ ಪ್ರಕಾರ, ವ್ಯಕ್ತಿ ತನ್ನಿಂದಲೇ ಮರೆಮಾಡಿಕೊಂಡ ಆಸೆ, ಭಯ, ದ್ವೇಷಗಳು ಸುಪ್ತಮನಸ್ಸಿನಲ್ಲಿ ಉಳಿದು ರೋಗಲಕ್ಷಣಗಳ ರೂಪದಲ್ಲಿ ಹೊರಬರುತ್ತವೆ. ಮನಸ್ಸಿಗೆ ತೋಚಿದ್ದನ್ನೆಲ್ಲ ಆಯ್ಕೆ ಮಾಡದೆ ಹೇಳುತ್ತ ಹೋದಾಗ ಅವು ಸ್ವಲ್ಪಸ್ವಲ್ಪವಾಗಿ ಅರಿವಿಗೆ ಸಿಗುತ್ತವೆ. ತಂದೆತಾಯಿಯರಂಥವರ ಬಗ್ಗೆ ಬಾಲ್ಯದಲ್ಲಿ ಮೂಡಿದ ಭಾವಗಳನ್ನು ರೋಗಿಯು ತನಗೆ ಗೊತ್ತಿಲ್ಲದೆಯೇ ಚಿಕಿತ್ಸಕರ ಮೇಲೆ ಹೊರಿಸುವುದನ್ನು ಈ ಪಂಥ ಭಾವವರ್ಗಾವಣೆ ಎಂದು ಗುರುತಿಸಿತು, ಮತ್ತು ಅದನ್ನು ಅಡ್ಡಿಯೆಂದು ತಳ್ಳಿಹಾಕದೆ ಚಿಕಿತ್ಸೆಯ ಮುಖ್ಯ ಸಾಮಗ್ರಿಯಾಗಿ ಬಳಸಿಕೊಂಡಿತು. ವಾರಕ್ಕೆ ಹಲವು ಬಾರಿ, ವರ್ಷಗಟ್ಟಲೆ ನಡೆಯುವ ಈ ಚಿಕಿತ್ಸೆ ಭಾರತಕ್ಕೆ ಬಹು ಬೇಗನೆ ಬಂತು: ಗಿರೀಂದ್ರಶೇಖರ ಬೋಸ್ 1922ರಲ್ಲಿಯೇ ಕೋಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿ, ಫ್ರಾಯ್ಡ್ ಜೊತೆ ಪತ್ರಗಳಲ್ಲಿ ತಾತ್ವಿಕ ಭಿನ್ನಾಭಿಪ್ರಾಯಗಳನ್ನೂ ಚರ್ಚಿಸುತ್ತಿದ್ದರು.

ವರ್ತನಾ ಚಿಕಿತ್ಸೆ ಮನೋವಿಶ್ಲೇಷಣೆಗೆ ನೇರ ಎದುರಾಗಿ ನಿಂತಿತು. ಭಯವೆಂಬುದು ಕಲಿತದ್ದು, ಕಲಿತದ್ದನ್ನು ಮತ್ತೆ ಕಲಿಕೆಯಿಂದಲೇ ಅಳಿಸಬಹುದು, ಅದರ ಗೂಢಾರ್ಥವನ್ನು ಬಿಡಿಸುತ್ತ ಕೂರಬೇಕಿಲ್ಲ ಎಂಬುದು ಇದರ ನಿಲುವು. ಅಮೆರಿಕದ ಮೇರಿ ಕವರ್ ಜೋನ್ಸ್ 1924ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಮೊಲವೆಂದರೆ ನಡುಗುತ್ತಿದ್ದ ಸುಮಾರು ಮೂರು ವರ್ಷದ ಹುಡುಗ ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದಿನದಿನಕ್ಕೆ ಸ್ವಲ್ಪ ಹತ್ತಿರ ತರಲಾಯಿತು, ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡುವಂತಾದನು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪ್ 1958ರ ತಮ್ಮ ಗ್ರಂಥದಲ್ಲಿ ಇದೇ ತತ್ವವನ್ನು ವಯಸ್ಕರ ಭಯಗಳಿಗೆ ಅನ್ವಯವಾಗುವಂತೆ ಒಂದು ಕ್ರಮಕ್ಕೆ ತಂದರು.

ಈ ಪಂಥದ ನಿಜವಾದ ಗೆಲುವು ಗೀಳು ರೋಗದಲ್ಲಿ ಕಂಡಿತು. ಕೈಗೆ ಕೊಳೆ ಅಂಟಿದೆ ಎಂಬ ಯೋಚನೆ ಬೇಡವೆಂದರೂ ಮತ್ತೆಮತ್ತೆ ನುಗ್ಗಿಬರುವುದು, ಆ ಸಂಕಟವನ್ನು ತಾಳಲಾರದೆ ಗಂಟೆಗಟ್ಟಲೆ ಕೈ ತೊಳೆಯುವುದು, ತೊಳೆದಷ್ಟೂ ಯೋಚನೆ ಬಲವಾಗುವುದು ಈ ರೋಗದ ಸುಳಿ. ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆಸ್ಪತ್ರೆಯಲ್ಲಿ ದಾದಿಯರ ಸತತ ನಿಗಾದಲ್ಲಿ ರೋಗಿಯು ತನಗೆ ಕೊಳೆಯೆಂದು ತೋರುವ ವಸ್ತುಗಳನ್ನು ಮುಟ್ಟಬೇಕಿತ್ತು, ಆದರೆ ಆಮೇಲೆ ತೊಳೆಯುವಂತಿರಲಿಲ್ಲ. ಇಂದು ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಅನೇಕ ಕಡೆ ಬಳಕೆಯಲ್ಲಿರುವ ಕ್ರಮ ಇದರದೇ ಪರಿಷ್ಕೃತ ರೂಪ. ರೋಗಿಯೂ ಚಿಕಿತ್ಸಕರೂ ಕೂಡಿ ಕುಳಿತು ಭಯಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ನೂರರಲ್ಲಿ ಇಷ್ಟು ಎಂದು ಅಂಕ ಹಾಕುತ್ತಾರೆ: ಬಸ್ಸಿನ ಕಂಬಿ ಹಿಡಿಯುವುದಕ್ಕೆ ನಲವತ್ತು, ಹೊರಗಿನ ಚಪ್ಪಲಿ ಮುಟ್ಟುವುದಕ್ಕೆ ಅರವತ್ತು, ಶೌಚಾಲಯದ ಚಿಲಕಕ್ಕೆ ತೊಂಬತ್ತು. ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ ಒಂದೊಂದನ್ನೇ ಮುಟ್ಟಿ, ತೊಳೆಯದೆ ಕುಳಿತಿರಬೇಕು. ಸಂಕಟ ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ತೊಳೆಯದಿದ್ದರೆ ಏನೋ ಅನಾಹುತವಾಗುತ್ತದೆ ಎನ್ನಿಸುತ್ತದೆ. ಆದರೂ ನೀರು ಮುಟ್ಟದೆ ಉಳಿದರೆ ಸಾಮಾನ್ಯವಾಗಿ ಆ ಸಂಕಟ ತಾನಾಗಿಯೇ ಇಳಿಯುತ್ತದೆ, ಮತ್ತು ಇಳಿಯುತ್ತದೆ ಎಂಬ ಅನುಭವವೇ ಇಲ್ಲಿ ಔಷಧ. ಮಡಿ-ಮೈಲಿಗೆಯ ಆಚರಣೆಗಳಿರುವ ಮನೆಗಳಲ್ಲಿ ಆಚಾರ ಎಲ್ಲಿ ಮುಗಿಯುತ್ತದೆ, ಗೀಳು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಚಿಕಿತ್ಸಕರು ಮನೆಯವರೊಂದಿಗೆ ಕುಳಿತು ತೀರ್ಮಾನಿಸಬೇಕಾಗುತ್ತದೆ, ಏಕೆಂದರೆ ಆಚಾರವಂತರಾದ ಹಿರಿಯರೇ ಇದು ಅತಿಯಾಯಿತು ಎನ್ನುವ ಮಟ್ಟವೊಂದು ಇದ್ದೇ ಇರುತ್ತದೆ. ರೋಗಿಯ ಹಟಕ್ಕೆ ಮಣಿದು ಮನೆಮಂದಿಯೆಲ್ಲ ಬಾಗಿಲಲ್ಲೇ ಕಾಲು ತೊಳೆದು ಒಳಬರುವುದು ಪ್ರೀತಿಯಿಂದಲೇ ಆದರೂ ಅದು ಗೀಳನ್ನು ಪೋಷಿಸುತ್ತದೆ. ಅದನ್ನು ಮೆಲ್ಲನೆ ನಿಲ್ಲಿಸಲು ಮನೆಯವರಿಗೂ ಕಲಿಸಬೇಕಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹಿಡಿದ ದಾರಿ ಇವೆರಡಕ್ಕಿಂತ ಬೇರೆ. ಮನೋವಿಶ್ಲೇಷಕ ಅರ್ಥ ಬಿಡಿಸಿ ಹೇಳುತ್ತಾನೆ, ವರ್ತನಾ ಚಿಕಿತ್ಸಕ ಏನು ಮಾಡಬೇಕೆಂದು ಹೇಳುತ್ತಾನೆ. ಇಬ್ಬರೂ ತಮಗೆ ಹೆಚ್ಚು ತಿಳಿದಿದೆ ಎಂಬ ಸ್ಥಾನದಲ್ಲಿ ಕುಳಿತವರೇ ಎಂಬುದು ಅವರ ಆಕ್ಷೇಪ. ಪರಾನುಭೂತಿ, ಅಂದರೆ ಎದುರಿನವರ ಒಳಗನ್ನು ಅವರು ಅನುಭವಿಸುವಂತೆಯೇ ಗ್ರಹಿಸುವುದು, ಷರತ್ತುಗಳಿಲ್ಲದ ಆದರ, ಮತ್ತು ಚಿಕಿತ್ಸಕರ ಒಳಗೂ ಹೊರಗೂ ಒಂದೇ ಆಗಿರುವ ಪ್ರಾಮಾಣಿಕತೆ: ಇವು ಒದಗಿದರೆ ವ್ಯಕ್ತಿ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಾನೆ ಎಂದು ಅವರು 1957ರ ಪ್ರಸಿದ್ಧ ಲೇಖನದಲ್ಲಿ ವಾದಿಸಿದರು. ಇಂದು ಆಪ್ತಸಮಾಲೋಚನೆಯ ತರಬೇತಿಗಳಲ್ಲಿ ಮೊದಲ ಪಾಠವಾಗಿ ಕಲಿಸುವ ಆಲಿಸುವಿಕೆಯ ಕೌಶಲ ಬಹುಮಟ್ಟಿಗೆ ರೋಜರ್ಸ್ ಅವರ ಕೊಡುಗೆ.

ಅರಿವಿನ ಚಿಕಿತ್ಸೆಯ ಹುಟ್ಟು ಮನೋವಿಶ್ಲೇಷಣೆಯ ಒಳಗಿನಿಂದಲೇ ಆದದ್ದು. ಫಿಲಡೆಲ್ಫಿಯಾದ ಆರನ್ ಬೆಕ್ ಮನೋವಿಶ್ಲೇಷಣೆಯಲ್ಲಿ ತರಬೇತಿ ಪಡೆದವರು. ಖಿನ್ನತೆಯೆಂದರೆ ಒಳಮುಖವಾಗಿ ತಿರುಗಿದ ಕೋಪ ಎಂಬ ಸಿದ್ಧಾಂತವನ್ನು ಸಾಬೀತುಪಡಿಸಲೆಂದೇ ಅವರು ರೋಗಿಗಳ ಕನಸುಗಳನ್ನು ಕಲೆಹಾಕಿದರು. ಆ ಕನಸುಗಳಲ್ಲಿ ಕೋಪಕ್ಕಿಂತ ಹೆಚ್ಚಾಗಿ ಕಂಡದ್ದು ಸೋಲು, ನಷ್ಟ, ತಿರಸ್ಕಾರ, ಅಂದರೆ ರೋಗಿಗಳು ಎಚ್ಚರದಲ್ಲಿಯೂ ಹೇಳುತ್ತಿದ್ದ ಸಂಗತಿಗಳೇ. ತನ್ನ ಸಿದ್ಧಾಂತಕ್ಕೆ ಒಗ್ಗದ ಪುರಾವೆಯನ್ನು ಮುಚ್ಚಿಡದೆ ಸಿದ್ಧಾಂತವನ್ನೇ ಬಿಟ್ಟುಕೊಟ್ಟ ಈ ನಡೆ ಮನೋಚಿಕಿತ್ಸೆಯ ಇತಿಹಾಸದಲ್ಲಿ ಅಪರೂಪದ್ದು, ಗೌರವಕ್ಕೆ ಅರ್ಹವಾದದ್ದು. ‘ನನ್ನಿಂದ ಏನೂ ಆಗದು’, ‘ಎಲ್ಲರೂ ನನ್ನನ್ನು ಕೀಳಾಗಿ ಕಾಣುತ್ತಾರೆ’ ಎಂಬಂಥ, ಕ್ಷಣಮಾತ್ರದಲ್ಲಿ ಹಾದುಹೋಗಿ ಮನಸ್ಸನ್ನು ಕುಗ್ಗಿಸುವ ಯೋಚನೆಗಳನ್ನು ಹಿಡಿದು, ಬರೆದು, ಸಾಕ್ಷ್ಯಗಳ ಮುಂದಿಟ್ಟು ಪರೀಕ್ಷಿಸುವ ಕ್ರಮವನ್ನು ಬೆಕ್ ಮತ್ತು ಸಂಗಡಿಗರು 1979ರಲ್ಲಿ ಖಿನ್ನತೆಯ ಚಿಕಿತ್ಸೆಯ ಕೈಪಿಡಿಯಾಗಿ ಹೊರತಂದರು. ಆಲ್ಬರ್ಟ್ ಎಲಿಸ್ ಇದಕ್ಕೂ ಮೊದಲೇ, 1950ರ ದಶಕದಲ್ಲಿ, ಹೆಚ್ಚು ವಾದಿಸುವ ಧಾಟಿಯ ವಿವೇಚನಾ ಚಿಕಿತ್ಸೆಯನ್ನು ರೂಪಿಸಿದ್ದರು. ವರ್ತನೆ ಮತ್ತು ಅರಿವು ಎರಡನ್ನೂ ಬೆಸೆದ ರೂಪವೇ ಈಗ ಎಲ್ಲೆಡೆ ಸಿಬಿಟಿ ಎಂದು ಪರಿಚಿತವಾಗಿರುವುದು.

ಈ ಭೇದಗಳು ಪುಸ್ತಕದಲ್ಲಿ ಓದಿದಾಗ ಸೂಕ್ಷ್ಮವೆನಿಸಿದರೂ ಚಿಕಿತ್ಸೆಯ ಕೊಠಡಿಯಲ್ಲಿ ಎಷ್ಟು ಢಾಳಾಗಿರುತ್ತವೆ ಎಂಬುದಕ್ಕೆ 1965ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಬೋಧನಾ ಚಿತ್ರವೊಂದು ದಾಖಲೆಯಾಗಿ ಉಳಿದಿದೆ. ಮನಶ್ಶಾಸ್ತ್ರಜ್ಞ ಎವರೆಟ್ ಶೋಸ್ಟ್ರಮ್ ನಿರ್ಮಿಸಿದ ಆ ಚಿತ್ರದಲ್ಲಿ ಒಬ್ಬ ಮಹಿಳೆ ಒಬ್ಬರಾದ ಮೇಲೊಬ್ಬರಂತೆ ಮೂವರು ಚಿಕಿತ್ಸಕರನ್ನು ಕಂಡು ಮಾತನಾಡುತ್ತಾರೆ: ರೋಜರ್ಸ್, ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಸ್ ಪರ್ಲ್ಸ್, ಮತ್ತು ಎಲಿಸ್. ಗೆಸ್ಟಾಲ್ಟ್ ಚಿಕಿತ್ಸೆಯೆಂದರೆ ಹಿಂದಿನದರ ವಿವರಣೆಗಿಂತ ಈ ಕ್ಷಣದಲ್ಲಿ ದೇಹ, ದನಿ, ಭಾವ ಏನು ಹೇಳುತ್ತಿವೆ ಎಂಬುದಕ್ಕೇ ಗಮನ ಕೊಡುವ ಪಂಥ. ವಿಚ್ಛೇದಿತೆಯಾದ ಆ ಮಹಿಳೆಗೆ ಒಂಬತ್ತು ವರ್ಷದ ಮಗಳಿದ್ದಳು. ತನ್ನ ಖಾಸಗಿ ಸಂಬಂಧಗಳ ಬಗ್ಗೆ ಮಗಳು ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿದ ಅಪರಾಧಿ ಭಾವ ಆಕೆಯನ್ನು ಕಾಡುತ್ತಿತ್ತು. ನಿಜ ಹೇಳಿದರೆ ಮಗಳಿಗೆ ಕೆಡುಕಾಗುತ್ತದೆಯೇ ಎಂದು ಆಕೆ ರೋಜರ್ಸ್ ಅವರನ್ನು ಮತ್ತೆಮತ್ತೆ ಕೇಳಿದರು. ಅವರು ಹೌದು-ಅಲ್ಲ ಎನ್ನಲಿಲ್ಲ. ಉತ್ತರ ಬೇಕೆಂಬ ಆಕೆಯ ತವಕವನ್ನೂ, ತನ್ನನ್ನು ತಾನೇ ಒಪ್ಪಿಕೊಳ್ಳಲಾಗದ ಆಕೆಯ ಕಷ್ಟವನ್ನೂ ಮೆಲುದನಿಯಲ್ಲಿ ಗುರುತಿಸುತ್ತ ಹೋದರು, ಮತ್ತು ಮಾತುಕತೆಯ ಕೊನೆಗೆ ನಿಮ್ಮಂಥ ತಂದೆ ನನಗಿರಬೇಕಿತ್ತು ಎಂಬ ಭಾವ ಆಕೆಯಿಂದ ತಾನಾಗಿ ಹೊರಬಂತು. ಪರ್ಲ್ಸ್ ಅದೇ ಮಹಿಳೆಯನ್ನು ಕೆಣಕಿದರು: ಭಯವಾಗುತ್ತಿದೆ ಎನ್ನುತ್ತ ನಗುತ್ತಿರುವುದು ನಟನೆಯೆಂದು ಚುಚ್ಚಿ, ಆಕೆ ಸಿಟ್ಟಾದಾಗ ಆ ಸಿಟ್ಟನ್ನೇ ಕೆಲಸದ ವಸ್ತುವಾಗಿಸಿದರು. ಎಲಿಸ್, ಇಷ್ಟವಾದ ಗಂಡಸರ ಎದುರು ಆಕೆಗಾಗುವ ಸಂಕೋಚದ ಹಿಂದೆ ತಿರಸ್ಕೃತಳಾದರೆ ತಾನು ನಿಷ್ಪ್ರಯೋಜಕಳು ಎಂಬ ನಂಬಿಕೆಯಿದೆ ಎಂದು ತರ್ಕಿಸಿ ತೋರಿಸಿ, ಮನೆಗೆಲಸದಂತೆ ಮಾಡಿನೋಡಬೇಕಾದ ಅಭ್ಯಾಸವನ್ನೂ ಸೂಚಿಸಿದರು.

ಚಿತ್ರದ ಕೊನೆಯಲ್ಲಿ ಆ ಮಹಿಳೆ, ಸದ್ಯದ ತನ್ನ ಸ್ಥಿತಿಗೆ ಪರ್ಲ್ಸ್ ಅವರ ರೀತಿಯೇ ಹೆಚ್ಚು ಉಪಯುಕ್ತವೆನಿಸುತ್ತದೆ ಎಂದರು. ಆದರೆ ಆಮೇಲೆ ವರ್ಷಗಟ್ಟಲೆ ಆಕೆ ಪತ್ರ ಬರೆಯುತ್ತ ಸಂಪರ್ಕವಿಟ್ಟುಕೊಂಡದ್ದು ರೋಜರ್ಸ್ ದಂಪತಿಯ ಜೊತೆ. ಅರ್ಧ ಗಂಟೆಯ ಭೇಟಿಯಲ್ಲಿ ಮನಸ್ಸನ್ನು ಅಲುಗಿಸುವುದು ಒಂದು, ಬದುಕಿನಲ್ಲಿ ಬಹುಕಾಲ ಉಳಿಯುವುದು ಇನ್ನೊಂದು; ಚಿಕಿತ್ಸೆ ಮುಗಿದ ತಕ್ಷಣ ರೋಗಿಗೆ ಏನನಿಸಿತು ಎಂಬುದನ್ನಷ್ಟೇ ಅಳತೆಗೋಲಾಗಿ ಹಿಡಿಯುವ ಹೋಲಿಕೆಗಳು ಏಕೆ ಸಾಲವು ಎಂಬುದನ್ನು ಈ ಪ್ರಸಂಗ ಚೆನ್ನಾಗಿ ತೋರಿಸುತ್ತದೆ.

ಹಾಗಾದರೆ ಸರಿಯಾಗಿ ಅಳೆದಾಗ ಕಂಡದ್ದೇನು? ಮನೋಚಿಕಿತ್ಸೆ ಪಡೆಯದಿದ್ದರೂ ಮೂರರಲ್ಲಿ ಎರಡು ಪಾಲು ರೋಗಿಗಳು ಎರಡು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ, ಹೀಗಾಗಿ ಚಿಕಿತ್ಸೆಯಿಂದ ಲಾಭವಿದೆಯೆಂಬುದಕ್ಕೆ ಪುರಾವೆಯಿಲ್ಲ ಎಂದು ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ 1952ರಲ್ಲಿ ಹಾಕಿದ ಸವಾಲು ಇಡೀ ಕ್ಷೇತ್ರವನ್ನು ಬೆಚ್ಚಿಬೀಳಿಸಿತು. ಅದಕ್ಕೆ ಗಟ್ಟಿಯಾದ ಉತ್ತರ ಬಂದದ್ದು 1977ರಲ್ಲಿ, ಮೇರಿ ಲೀ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ ಶೇ 75ರಷ್ಟು ಮಂದಿಗಿಂತ ಉತ್ತಮ ಸ್ಥಿತಿಯಲ್ಲಿರುತ್ತಾನೆ ಎಂದು ಅದು ತೋರಿಸಿತು. ಜೊತೆಗೆ, ಪಂಥ ಪಂಥಗಳ ನಡುವಿನ ವ್ಯತ್ಯಾಸ ಅತ್ಯಲ್ಪ ಎಂಬ, ಯಾವ ಪಂಥಕ್ಕೂ ರುಚಿಸದ ಸಂಗತಿಯನ್ನೂ ಹೊರಗೆಡವಿತು. ಆಲಿಸ್ ಎಂಬ ಹುಡುಗಿಯ ಪ್ರಸಿದ್ಧ ಇಂಗ್ಲಿಷ್ ಕಥೆಯಲ್ಲಿ ಓಟದ ಕೊನೆಗೆ ಓಡಿದವರೆಲ್ಲರನ್ನೂ ವಿಜೇತರೆಂದು ಸಾರುವ ಹಕ್ಕಿಯ ಹೆಸರಿನಿಂದ ಇದನ್ನು ಡೋಡೊ ತೀರ್ಪು ಎಂದು ಕರೆಯುತ್ತಾರೆ. ಹಾಗೆ ಮೊದಲು ಸೂಚಿಸಿದವರು 1936ರಷ್ಟು ಹಿಂದೆಯೇ ಸಾಲ್ ರೋಸೆನ್‌ಜ್ವೈಗ್.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಡೆಸಿ 1989ರಲ್ಲಿ ವರದಿಯಾದ ಖಿನ್ನತೆಯ ಪರೀಕ್ಷೆ ಇನ್ನೂ ಆಳಕ್ಕೆ ಹೋಯಿತು. 250 ರೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಿಗೆ ಹಂಚಿ, ಒಂದಕ್ಕೆ ಅರಿವಿನ ಚಿಕಿತ್ಸೆ, ಇನ್ನೊಂದಕ್ಕೆ ಸಂಬಂಧಗಳ ಬಿಕ್ಕಟ್ಟನ್ನು ಕೇಂದ್ರವಾಗಿಟ್ಟ ಚಿಕಿತ್ಸೆ, ಮೂರನೆಯದಕ್ಕೆ ಇಮಿಪ್ರಮಿನ್ ಎಂಬ ಔಷಧ, ನಾಲ್ಕನೆಯದಕ್ಕೆ ಔಷಧಾಂಶವಿಲ್ಲದ ಹುಸಿಮಾತ್ರೆ ಮತ್ತು ವೈದ್ಯರ ಆರೈಕೆಯ ಮಾತು ಕೊಡಲಾಯಿತು. 16 ವಾರಗಳ ನಂತರ ಎರಡು ಮಾತಿನ ಚಿಕಿತ್ಸೆಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅದೇ ದಾಖಲೆಗಳನ್ನು ಮುಂದೆ ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ರೋಗಿ ಮತ್ತು ಚಿಕಿತ್ಸಕರ ನಡುವಿನ ಮೈತ್ರಿ ಗಟ್ಟಿಯಾದಷ್ಟೂ ಫಲಿತಾಂಶ ಉತ್ತಮವಾಗಿದ್ದುದು ಕಂಡುಬಂತು. ಇದು ಮಾತ್ರೆ ನುಂಗಿದವರ ವಿಷಯದಲ್ಲಿಯೂ, ಹುಸಿಮಾತ್ರೆ ನುಂಗಿದವರ ವಿಷಯದಲ್ಲಿಯೂ ಅಷ್ಟೇ ನಿಜವಾಗಿತ್ತು. ಔಷಧ ಬರೆದುಕೊಡುವ ವೈದ್ಯರು ಎರಡು ನಿಮಿಷ ತಲೆಯೆತ್ತಿ ನೋಡಿ ಮಾತನಾಡುವುದು ಸೌಜನ್ಯವಷ್ಟೇ ಅಲ್ಲ, ಚಿಕಿತ್ಸೆಯ ಭಾಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಆದರೆ ಮೈತ್ರಿಯೊಂದೇ ಸಾಕು ಎಂಬ ತೀರ್ಮಾನಕ್ಕೆ ಇಲ್ಲಿಂದ ಜಿಗಿಯುವುದು ತಪ್ಪು. ಸುಮಾರು 300 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ ರೋಗಿಗಳ ಫಲಿತಾಂಶಗಳಲ್ಲಿನ ಏರುಪೇರಿನ ಪೈಕಿ ಮೈತ್ರಿಯೊಂದಿಗೆ ತಳುಕು ಹಾಕಬಹುದಾದದ್ದು ಸುಮಾರು ಶೇ 8ರಷ್ಟು ಮಾತ್ರ. ಮೈತ್ರಿಯೆಂದರೆ ಕೇವಲ ಹಿತವಾದ ಭಾವವೂ ಅಲ್ಲ. ಎಡ್ವರ್ಡ್ ಬೋರ್ಡಿನ್ 1979ರಲ್ಲಿ ವಿವರಿಸಿದಂತೆ ಅದರಲ್ಲಿ ಪರಸ್ಪರ ವಿಶ್ವಾಸದ ಜೊತೆಗೆ ಗುರಿಯ ಬಗ್ಗೆ ಒಪ್ಪಂದ, ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಂದ ಎಂಬ ಇನ್ನೆರಡು ಅಂಶಗಳಿವೆ. ಕೆಲಸವೇ ಗೊತ್ತಿಲ್ಲದ ಚಿಕಿತ್ಸಕರೊಂದಿಗೆ ಕೆಲಸದ ಬಗ್ಗೆ ಒಪ್ಪಂದವಾಗುವುದು ಸಾಧ್ಯವಿಲ್ಲ. ಇನ್ನೂ ಮುಖ್ಯವಾಗಿ, ಪಂಥಗಳು ಸಮಾನವೆಂಬ ಫಲಿತಾಂಶ ಬಂದಿರುವುದು ಹಲವು ತೊಂದರೆಗಳನ್ನು ಒಟ್ಟಿಗೆ ಬೆರೆಸಿದಾಗ ಅಥವಾ ಖಿನ್ನತೆಯಂಥ ಕೆಲವು ತೊಂದರೆಗಳಲ್ಲಿ. ಗೀಳು ರೋಗಿಯನ್ನು ಎಷ್ಟೇ ಪ್ರೀತಿಯಿಂದ ಮಾತನಾಡಿಸಿ ಸ್ನಾಯುಗಳನ್ನು ಸಡಿಲಿಸುವ ವಿಶ್ರಾಂತಿ ಅಭ್ಯಾಸ ಮಾಡಿಸಿದರೂ ಗೀಳು ಹೆಚ್ಚೇನೂ ತಗ್ಗುವುದಿಲ್ಲ. ಭಯವನ್ನು ಎದುರಿಸಿ ತೊಳೆಯದೆ ಉಳಿಯುವ ಅಭ್ಯಾಸದಿಂದ ತಗ್ಗುತ್ತದೆ. ನಿರ್ದಿಷ್ಟ ವಸ್ತುಗಳ ಭಯ, ಹಠಾತ್ತನೆ ಎರಗುವ ತೀವ್ರ ಆತಂಕ ಇವುಗಳಲ್ಲಿಯೂ ವಿಧಾನ ಯಾವುದೆಂಬುದು ಮುಖ್ಯವಾಗುತ್ತದೆ. ಮಾತಿನಿಂದ ಹಾನಿಯಾಗದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ: ಅಪಘಾತಕ್ಕೆ ಸಿಕ್ಕವರಿಂದ ತಕ್ಷಣವೇ ಒಂದೇ ಭೇಟಿಯಲ್ಲಿ ಎಲ್ಲವನ್ನೂ ವಿವರವಾಗಿ ಹೇಳಿಸುವ ಕ್ರಮ ಮುಂದಿನ ಆಘಾತ ರೋಗವನ್ನು ತಡೆಯಲಿಲ್ಲ, ಕೆಲವು ಪರೀಕ್ಷೆಗಳಲ್ಲಿ ಅದು ಸ್ಥಿತಿಯನ್ನು ಬಿಗಡಾಯಿಸಿತು.

ದೀರ್ಘಕಾಲದ ಚಿಕಿತ್ಸೆಯನ್ನು ಹಳೆಯದೆಂದು ಮೂಲೆಗೆ ತಳ್ಳುವುದೂ ಅಷ್ಟೇ ಅವಸರದ ಮಾತು. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ ಅನೇಕ ಚಿಕಿತ್ಸೆಗಳಿಗೆ ಮಣಿಯದ ಖಿನ್ನತೆಯುಳ್ಳವರಿಗೆ ವಾರಕ್ಕೊಮ್ಮೆಯಂತೆ 18 ತಿಂಗಳು ಮನೋವಿಶ್ಲೇಷಣೆಯ ಮಾದರಿಯ ಚಿಕಿತ್ಸೆ ನೀಡಿತು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಚಿಕಿತ್ಸೆ ಮುಗಿದ ಹೊತ್ತಿಗಿಂತ ಎರಡು ವರ್ಷದ ನಂತರ ಅಂತರ ಹೆಚ್ಚಾಗಿ ಕಂಡಿತು: ಆಗ ಈ ಗುಂಪಿನ ಶೇ 44ರಷ್ಟು ಮಂದಿ ಖಿನ್ನತೆಯ ಮಾನದಂಡಗಳಿಂದ ಹೊರಬಂದಿದ್ದರು, ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಹೊರಬಂದವರು ಶೇ 10ರಷ್ಟು.

ಈ ಪಂಥಗಳೆಲ್ಲವೂ ಒಬ್ಬ ಚಿಕಿತ್ಸಕ, ಒಬ್ಬ ರೋಗಿ, ಮುಚ್ಚಿದ ಬಾಗಿಲು ಎಂಬ ಚಿತ್ರವನ್ನು ಇಟ್ಟುಕೊಂಡು ಹುಟ್ಟಿದಂಥವು. ಭಾರತದಲ್ಲಿ ರೋಗಿಯ ಜೊತೆ ಅಮ್ಮ, ಅಣ್ಣ, ಕೆಲವೊಮ್ಮೆ ಸೋದರಮಾವನೂ ಬಂದಿರುತ್ತಾರೆ, ಮತ್ತು ಡಾಕ್ಟರು ಕೇಳುತ್ತ ಕೂರದೆ ಏನು ಮಾಡಬೇಕೆಂದು ಬಾಯಿಬಿಟ್ಟು ಹೇಳಬೇಕೆಂಬುದು ಎಲ್ಲರ ನಿರೀಕ್ಷೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಪ್ರತಿಪಾದಿಸಿದ್ದು ಈ ನಿರೀಕ್ಷೆಯನ್ನು ದೌರ್ಬಲ್ಯವೆಂದು ನೋಡದೆ ಸಂಪತ್ತೆಂದು ನೋಡಿದ್ದರಿಂದ. ನಿಮ್ಹಾನ್ಸ್ ಕುಟುಂಬಗಳ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವನ್ನು ಕಟ್ಟಿ, ಇಡೀ ಮನೆಯನ್ನು ಕೂರಿಸಿಕೊಂಡು ಮಾತನಾಡುವ ಪರಂಪರೆಯನ್ನು ಬೆಳೆಸಿದೆ. ಆದರೂ ಗುರುವಿನ ಮಾದರಿಗೆ ಒಂದು ಎಚ್ಚರಿಕೆ ಬೇಕು: ಗಂಡನ ಮನೆಯಲ್ಲಿ ಹಿಂಸೆಗೆ ಒಳಗಾದ ಸೊಸೆಗೆ ಹೊಂದಿಕೊಂಡು ಹೋಗಮ್ಮ ಎಂದು ಬುದ್ಧಿ ಹೇಳುವುದು ಹಿರಿಯರ ಮಾತಿನಂತೆ ಕೇಳಿಸಬಹುದಾದರೂ ಅದು ಯಾವ ಪಂಥದ ಪ್ರಕಾರವೂ ಚಿಕಿತ್ಸೆಯಲ್ಲ. ಅಂಥ ಹೊತ್ತಿನಲ್ಲಿ ಮನೆಯವರನ್ನು ಹೊರಗೆ ಕೂರಿಸಿ ಆಕೆಯೊಬ್ಬಳ ಮಾತನ್ನೇ ಕೇಳುವ ರೋಜರ್ಸ್ ಪಂಥದ ಶಿಸ್ತು ಇಲ್ಲಿಗೂ ಅತ್ಯಗತ್ಯ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮಾನಸಿಕ ಕಾಯಿಲೆಗಳುಳ್ಳವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇಂಥ ದೇಶದಲ್ಲಿ ಪಂಥಗಳ ಹೋಲಿಕೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಯಾವ ವಿಧಾನವನ್ನು ಕಡಿಮೆ ಸಮಯದಲ್ಲಿ ಹೆಚ್ಚು ಜನರಿಗೆ ಕಲಿಸಿಕೊಡಬಹುದು? ವಿಕ್ರಂ ಪಟೇಲ್ ಮತ್ತು ಸಂಗಡಿಗರು ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಉತ್ತರ ಹುಡುಕಿದರು. ಖಿನ್ನತೆಯಲ್ಲಿ ಬಿಟ್ಟುಹೋದ ಚಿಕ್ಕಚಿಕ್ಕ ಕೆಲಸಗಳನ್ನು, ಸಂಜೆ ಅಂಗಡಿಯತನಕ ನಡೆದುಹೋಗುವುದು, ಪಕ್ಕದ ಮನೆಯವರನ್ನು ಮಾತನಾಡಿಸುವುದು ಮುಂತಾದವುಗಳನ್ನು, ಒಂದೊಂದಾಗಿ ಮರಳಿ ರೂಢಿಸುವ ಸರಳ ವರ್ತನಾ ಚಿಕಿತ್ಸೆಯನ್ನು ಆರಿಸಿ, ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳಲ್ಲಿ ಮುಗಿಯುವಂತೆ ರೂಪಿಸಿದರು. ಸುಮಾರು 500 ಜನರ ಮೇಲೆ ನಡೆದ ಈ ಪರೀಕ್ಷೆಯಲ್ಲಿ ಮೂರು ತಿಂಗಳ ನಂತರ ಈ ನೆರವು ಪಡೆದವರ ಪೈಕಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಚೇತರಿಸಿಕೊಂಡಿದ್ದರು, ಪಡೆಯದವರಲ್ಲಿ ಶೇ 39ರಷ್ಟು.

ಪದವಿಯಿಲ್ಲದವರೂ ಚಿಕಿತ್ಸೆ ನೀಡಬಲ್ಲರು ಎಂಬ ಅರ್ಧ ಭಾಗವನ್ನಷ್ಟೇ ಈ ಪ್ರಯೋಗದಿಂದ ಎತ್ತಿಕೊಂಡರೆ, ವಾರಾಂತ್ಯದ ಪ್ರಮಾಣಪತ್ರ ಹಿಡಿದು ಸಮಾಲೋಚನಾ ಕೇಂದ್ರ ತೆರೆಯುವವರಿಗೆ ಅದು ನೆಪವಾದೀತು. ಗೋವಾದ ಸಮಾಲೋಚಕರು ಒಂದು ನಿರ್ದಿಷ್ಟ ತೊಂದರೆಗೆ, ಬರೆದಿಟ್ಟ ಒಂದು ನಿರ್ದಿಷ್ಟ ಕ್ರಮವನ್ನು ಅನುಸರಿಸುತ್ತಿದ್ದರು. ಅವರ ಭೇಟಿಗಳ ಧ್ವನಿಮುದ್ರಣವನ್ನು ಗುಂಪಿನಲ್ಲಿ ಕೇಳಿ, ಎಲ್ಲಿ ಸಲಹೆ ಅವಸರವಾಯಿತು, ಎಲ್ಲಿ ರೋಗಿಯ ಮಾತನ್ನು ಹಿಡಿಯಲಿಲ್ಲ ಎಂದು ಸಹೋದ್ಯೋಗಿಗಳೇ ಅಂಕ ಹಾಕಿ ತಿದ್ದುತ್ತಿದ್ದರು, ಮತ್ತು ಆತ್ಮಹತ್ಯೆಯ ಅಪಾಯ ಕಂಡರೆ ತಜ್ಞರ ಬಳಿಗೆ ಕಳುಹಿಸುವ ದಾರಿಯೂ ಸಿದ್ಧವಿತ್ತು. ಕರ್ನಾಟಕದ ಶಾಲೆ-ಕಾಲೇಜು, ಕಚೇರಿಗಳಲ್ಲಿ ಇಂದು ನೇಮಕವಾಗುತ್ತಿರುವ ಆಪ್ತಸಮಾಲೋಚಕರ ವಿಷಯದಲ್ಲಿ ಕೇಳಬೇಕಾದದ್ದು ಅವರು ಯಾವ ಪಂಥದವರು ಎಂಬುದಕ್ಕಿಂತ ಮೊದಲು, ಅವರ ಕೆಲಸವನ್ನು ಹೀಗೆ ಕೇಳಿ ತಿದ್ದುವವರು ಯಾರಿದ್ದಾರೆ, ಗೀಳು ರೋಗವೋ ಆತ್ಮಹತ್ಯೆಯ ಯೋಚನೆಯೋ ಎದುರಾದಾಗ ಅವರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದನ್ನು.